ಬ್ಯಾಟರಿ ಎಲ್ಲಿಟ್ಟಿದ್ದಾರೆ?

ಕೋಲ್ಕತಾದ ಉತ್ತರದ ಅಂಚಿನ ಬಾರಾನಗರದ ಆ ಓಣಿಯಲ್ಲಿ ಜಯಂತಿಯವರ ಮನೆ ಹುಡುಕುವುದು ಕಷ್ಟವಲ್ಲ. ನೆಲಮಹಡಿಯ ಕಿಟಕಿಯಿಂದ ಒಂದು ಯಂತ್ರದ ಶಬ್ದ ಹಗಲೂ ರಾತ್ರಿ ಹೊರಗೆ ಬರುತ್ತಿರುತ್ತದೆ. ಹಳೆಯ ಫ್ರಿಜ್ಜು ಗುರುಗುಟ್ಟಿದಂತೆ ಒಂದು ಶಬ್ದ, ಅದರ ಮೇಲೆ ಆಗಾಗ ಯಾರೋ ನಿಟ್ಟುಸಿರು ಬಿಟ್ಟಂತೆ ಇನ್ನೊಂದು. ಕೋಣೆಯ ಗಾಳಿಯನ್ನು ಎಳೆದುಕೊಂಡು ಅದರಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರ ಅದು. ಅದರಿಂದ ಹೊರಟ ತೆಳ್ಳಗಿನ ಪ್ಲಾಸ್ಟಿಕ್ ನಳಿಗೆ ಹಾಲ್ ದಾಟಿ, ಮಲಗುವ ಕೋಣೆಯ ಹೊಸ್ತಿಲು ದಾಟಿ, ಜಯಂತಿಯವರ ಗಂಡ ಶೀನಪ್ಪನವರ ಮೂಗಿನಲ್ಲಿ ಮುಗಿಯುತ್ತದೆ.

ಜಯಂತಿ ಮನೆಯ ಎಲ್ಲ ಕೆಲಸವನ್ನೂ ಆ ಶಬ್ದದ ಮೇಲೆ ಒಂದು ಕಿವಿಯಿಟ್ಟೇ ಮಾಡುತ್ತಾರೆ. ಮಿಕ್ಸಿ ಹಾಕುವುದನ್ನು ಬಿಟ್ಟಿದ್ದಾರೆ. ಮೀನಿನ ಸಾರಿಗೆ ಮಸಾಲೆ ಮತ್ತೆ ಕಲ್ಲಿನ ಮೇಲೆ ಅರೆಯುತ್ತಾರೆ. ಒಗ್ಗರಣೆ ಸಿಡಿಯುವಾಗ ಮಾತ್ರ ಯಂತ್ರ ಕೇಳಿಸುವುದಿಲ್ಲ. ಅಷ್ಟು ಹೊತ್ತು ಅವರು ಬಾಗಿಲಿಗೆ ಬಂದು ಗಂಡನ ಎದೆ ಏರಿಳಿಯುವುದನ್ನು ನೋಡುತ್ತ ನಿಲ್ಲುತ್ತಾರೆ. ಸಾಸಿವೆ ಕೆಲವೊಮ್ಮೆ ಸೀದುಹೋಗುತ್ತದೆ.

ಜಯಂತಿ ಕಾರ್ಕಳದ ಕಡೆಯವರು. ಶೀನಪ್ಪನವರು ಬ್ಯಾಂಕಿನಲ್ಲಿದ್ದರು. ಮದುವೆಯಾದ ಹೊಸತರಲ್ಲಿ ಅವರಿಗೆ ಚಾರ್ಮಾಡಿ ಘಾಟಿಯ ತಪ್ಪಲಿನ ಒಂದು ಸಣ್ಣ ಶಾಖೆಗೆ ವರ್ಗವಾಯಿತು. ಆ ಊರಿಗೆ ವಿದ್ಯುತ್ ಕಂಬಗಳು ಬಂದಿದ್ದವು. ಕರೆಂಟ್ ಮಾತ್ರ ಮಳೆಗಾಲ ಶುರುವಾದ ಕೂಡಲೇ ರಜೆ ಹಾಕಿ ಹೋಗುತ್ತಿತ್ತು. ಆಗಲೇ ಒಂದು ಸಣ್ಣ ಕಂಪನಿಯವರು ಶಾಖೆಗೆ ಬಂದು, ಮನೆಯ ಮೇಲೆ ಒಂದು ಫಲಕ, ಮೂಲೆಯಲ್ಲಿ ಒಂದು ಬ್ಯಾಟರಿ, ಒಳಗೆ ಎರಡು ದೀಪ ಹಾಕಿಕೊಡುತ್ತೇವೆ, ನೀವು ಜನರಿಗೆ ಸಾಲ ಕೊಡಿ ಎಂದರು. ಶೀನಪ್ಪನವರು ಕೊಟ್ಟರು. ಬೀಡಿ ಕಟ್ಟುವವರಿಗೆ, ಮಲ್ಲಿಗೆ ಮಾಲೆ ಕಟ್ಟುವವರಿಗೆ, ಮೀನು ಮಾರುವ ಒಬ್ಬ ವಿಧವೆಗೆ ಕೊಟ್ಟರು. ಸಾಲ ಮಂಜೂರು ಮಾಡಿದ ಮೇಲೆ ಸೈಕಲ್ ಹತ್ತಿ ಮನೆಮನೆಗೆ ಹೋಗಿ ನೋಡಿ ಬರುತ್ತಿದ್ದರು. ಅಂಗಳದಲ್ಲಿ ನಿಂತು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ಬ್ಯಾಟರಿ ಎಲ್ಲಿಟ್ಟಿದ್ದೀರಿ ಎಂದು. ಬ್ಯಾಟರಿಯನ್ನು ಒಲೆಯ ಹತ್ತಿರವೋ ನೀರು ಸೋರುವ ಗೋಡೆಯ ಕೆಳಗೋ ಇಟ್ಟರೆ ದೀಪವೂ ಹೋಗುತ್ತದೆ, ಸಾಲವೂ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಮಳೆಗಾಲದ ಸಂಜೆ ಕರೆಂಟ್ ಹೋದ ಕೂಡಲೇ ಕಣಿವೆಯಲ್ಲಿ ಅಲ್ಲೊಂದು ಇಲ್ಲೊಂದು ದೀಪ ಉಳಿದುಕೊಳ್ಳುತ್ತಿತ್ತು. ಅದು ಇಂಥವರ ಮನೆ, ಸೋಲಾರ್ ಉಂಟು ಎಂದು ಜಯಂತಿ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು ಗುರುತಿಸುತ್ತಿದ್ದರು. ಅವರ ಭಾಷೆಯಲ್ಲಿ ಸೋಲಾರ್ ಎಂಬ ಪದಕ್ಕೆ ಅಂದಿನಿಂದ ಒಂದೇ ಅರ್ಥ: ಕರೆಂಟ್ ಹೋದಾಗ ಹೋಗದೆ ಇರುವುದು.

ಆಮೇಲೆ ಹುಬ್ಬಳ್ಳಿ, ಅಲ್ಲಿಂದ ಕೋಲ್ಕತಾ. ಶೀನಪ್ಪನವರು ಗರಿಯಾಹಾಟ್ ಶಾಖೆಯಲ್ಲಿದ್ದಾಗ ಮಗಳು ಜ್ಯೋತ್ಸ್ನಾ ಹುಟ್ಟಿದಳು. ಮತ್ತೆ ವರ್ಗ ಬೇಡವೆಂದು ಅವರು ಬಡ್ತಿ ಬಿಟ್ಟುಕೊಟ್ಟರು. ನಿವೃತ್ತಿಯ ಹೊತ್ತಿಗೆ ನಗರದ ದಕ್ಷಿಣದ ಕಡೆ ಮನೆ ಕೊಳ್ಳುವುದು ಆಗದೆ ಬಾರಾನಗರಕ್ಕೆ ಬಂದರು. ನಾಲ್ಕು ಮಹಡಿಯ ಕಟ್ಟಡದಲ್ಲಿ ನೆಲಮಹಡಿಯೇ ಅಗ್ಗ. ಮಳೆಗಾಲದಲ್ಲಿ ಓಣಿಯ ನೀರು ಹೊಸ್ತಿಲವರೆಗೆ ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಶೀನಪ್ಪನವರಿಗೆ ಶ್ವಾಸಕೋಶ ಒಣಗಿ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಎಂದು ತಿಳಿದಾಗ, ಮೆಟ್ಟಿಲು ಹತ್ತಬೇಕಾಗಿಲ್ಲದ ಮನೆ ಸಿಕ್ಕಿದ್ದು ಒಳ್ಳೆಯದಾಯಿತು ಎಂದು ಜಯಂತಿ ಸಮಾಧಾನ ಮಾಡಿಕೊಂಡರು.

ಎರಡು ವರ್ಷಗಳ ಹಿಂದಿನ ಬೇಸಿಗೆಯ ಕೊನೆಯಲ್ಲಿ ಒಂದು ಬಿರುಗಾಳಿ ಬಂತು. ಮರ ಬಿದ್ದು ತಂತಿ ಹರಿದು, ಮಾರನೆಯ ದಿನ ಸಂಜೆಯವರೆಗೆ ಓಣಿಗೆ ಕರೆಂಟ್ ಇರಲಿಲ್ಲ. ಮನೆಯಲ್ಲಿದ್ದ ಇನ್ವರ್ಟರಿನ ಬ್ಯಾಟರಿ ಯಂತ್ರವನ್ನು ಒಂದೆರಡು ತಾಸು ಎಳೆದು ನಿಂತಿತು. ಆಪತ್ತಿಗೆಂದು ಇಟ್ಟಿದ್ದ ಆಮ್ಲಜನಕದ ಸಿಲಿಂಡರಿನ ಮಾಪಕದ ಮುಳ್ಳು ಕೆಂಪಿಗಿಳಿಯುತ್ತ ಬಂತು. ಶೀನಪ್ಪನವರ ತುಟಿ ನೇರಳೆ ಬಣ್ಣಕ್ಕೆ ತಿರುಗುವುದನ್ನು ಜಯಂತಿ ಅಂದು ಮೊದಲ ಸಲ ನೋಡಿದರು. ಜ್ಯೋತ್ಸ್ನಾ ಎಲ್ಲಿಂದಲೋ ಇನ್ನೊಂದು ಸಿಲಿಂಡರನ್ನು ಸೈಕಲ್ ವ್ಯಾನಿನಲ್ಲಿ ಹೇರಿಸಿಕೊಂಡು ಬಂದಳು. ಬದುಕಿದರು. ಆ ದಿನದ ನಂತರ ಜಯಂತಿಗೆ ಹವಾಮಾನದ ಸುದ್ದಿ ಬಿಟ್ಟರೆ ಬೇರೆ ಸುದ್ದಿ ಬೇಡವಾಯಿತು. ಇನ್ನೂ ದೊಡ್ಡ, ಹೊಸ ಬ್ಯಾಟರಿ ಕೊಳ್ಳಬೇಕೆಂದು ಅವರು ಮನೆಖರ್ಚಿನಲ್ಲಿ ಉಳಿಸಿ ಹಣ ಎತ್ತಿಡತೊಡಗಿದರು.

ಅದು ಕೂಡುವ ಹೊತ್ತಿಗೆ ಕಟ್ಟಡದ ಸಂಘದವರು ಸಭೆ ಕರೆದರು.

ಸಭೆ ನಡೆದದ್ದು ಕಾರ್ಯದರ್ಶಿ ರಂಜಿತ್ ಬಾಬುವಿನ ಮನೆಯಲ್ಲಿ, ಮೇಲಿನ ಮಹಡಿಯಲ್ಲಿ. ಅವರು ಬಿಬಿಡಿ ಬಾಗ್‌ನ ಒಂದು ಸರಕಾರಿ ಕಚೇರಿಯಲ್ಲಿದ್ದಾರೆ, ಒಳ್ಳೆಯ ಮನುಷ್ಯ. ದುರ್ಗಾಪೂಜೆಯ ಪ್ರಸಾದವನ್ನು ಮೊದಲು ಶೀನಪ್ಪನವರಿಗೇ ಕಳಿಸುವವರು. ಕಟ್ಟಡದ ಛಾದಿನ ಮೇಲೆ, ಅಂದರೆ ತಾರಸಿಯ ಮೇಲೆ, ಸೋಲಾರ್ ಹಾಕಿಸುವುದೆಂದು ಅವರು ವಿವರಿಸಿದರು. ಸರಕಾರದ ಸಬ್ಸಿಡಿ ಇದೆ, ಎಲ್ಲ ಮನೆಗಳ ಒಪ್ಪಿಗೆ ಬೇಕು. ಕೊನೆಗೆ ಕೈಯೊರೆಸಿಕೊಳ್ಳುತ್ತ ಹೇಳಿದ ಮಾತನ್ನು ಜಯಂತಿ ಇಂದಿಗೂ ಬಂಗಾಳಿಯಲ್ಲೇ ಒಪ್ಪಿಸುತ್ತಾರೆ. ಕನ್ನಡದಲ್ಲಿ ಅದು ಇಷ್ಟೇ: "ಸೋಲಾರ್ ಕೂತರೆ ಕರೆಂಟಿನ ಚಿಂತೆ ಮುಗಿಯಿತು."

ಆ ಕೋಣೆಯಲ್ಲಿ ಕೂತಿದ್ದ ಉಳಿದ ಎಲ್ಲರಿಗೂ ಕರೆಂಟಿನ ಚಿಂತೆ ಎಂದರೆ ತಿಂಗಳ ಬಿಲ್ಲು. ಮೂರು ಏಸಿಗಳಿರುವ ಮನೆಯವರಿಗೆ ಬೇರೆ ಅರ್ಥ ಹೊಳೆಯಬೇಕಾದ ಕಾರಣವೂ ಇರಲಿಲ್ಲ. ಜಯಂತಿಗೆ ಕೇಳಿಸಿದ್ದು ಬೇರೆ. ಕರೆಂಟ್ ಹೋದಾಗ ಇದು ನಡೆಯುತ್ತದೆಯೇ ಎಂದು ಅವರು ಕೇಳಲಿಲ್ಲ. ಅವರ ಮಟ್ಟಿಗೆ ಅದು ಕೊಡೆಯಂಗಡಿಗೆ ಹೋಗಿ, ಇದನ್ನು ಮಳೆಯಲ್ಲಿ ಹಿಡಿಯಬಹುದೇ ಎಂದು ಕೇಳಿದಂತೆ.

ಛಾದಿನ ಹಕ್ಕು ಮೇಲಿನ ಎರಡು ಮಹಡಿಯವರದು ಎಂದು ಕಟ್ಟಿಸಿದವನು ಮಾರುವಾಗಲೇ ಬರೆದುಕೊಟ್ಟಿದ್ದ. ಕೆಳಗಿನವರಿಗೆ ಅಲ್ಲಿ ಬಟ್ಟೆ ಒಣಗಿಸುವ ಅವಕಾಶ ಮಾತ್ರ. ಫಲಕಗಳಿಂದ ಬಂದ ವಿದ್ಯುತ್ತಿನ ಲಾಭವೂ ಮೇಲಿನ ಮನೆಗಳಿಗೆ ಮತ್ತು ಲಿಫ್ಟು, ಪಂಪುಗಳಿಗೆ. ಕೆಳಗಿನವರು ಸಹಿ ಹಾಕಿದರೆ ಸಾಕಿತ್ತು. ಜಯಂತಿ ಅಷ್ಟಕ್ಕೆ ಒಪ್ಪಲಿಲ್ಲ. ನಮ್ಮದೂ ಒಂದು ಪಾಲು ಇರಲಿ, ನಮ್ಮ ಮೀಟರಿಗೂ ಒಂದು ತಂತಿ ಬರಲಿ ಎಂದು ಹಟ ಹಿಡಿದರು.

ರಂಜಿತ್ ಬಾಬು ಆಶ್ಚರ್ಯಪಟ್ಟರು. ಜಯಂತಿಯನ್ನು ಕಟ್ಟಡದವರೆಲ್ಲ ಕರೆಯುವುದು ಮಾಶಿಮಾ, ಅಂದರೆ ಚಿಕ್ಕಮ್ಮ ಎಂದು. "ನಿಮಗೇನು ಸಿಗುತ್ತದೆ ಮಾಶಿಮಾ? ಲಿಫ್ಟೂ ಹತ್ತುವವರಲ್ಲ ನೀವು."

"ಎಲ್ಲರಿಗಿಂತ ಹೆಚ್ಚು ಬೇಕಾದದ್ದು ನಮಗೇ," ಎಂದರು ಜಯಂತಿ.

ಯಾರೋ ನಕ್ಕರು. ಮಾಶಿಮಾ ಲೆಕ್ಕದಲ್ಲಿ ಗಟ್ಟಿ, ಬ್ಯಾಂಕಿನವರ ಹೆಂಡತಿಯಲ್ಲವೇ ಎಂದು ತಮಾಷೆಯಾಯಿತು. ಚಹಾ ಬಂತು. ಪಾಲು ಕೊಡುವುದೆಂದು ತೀರ್ಮಾನವಾಯಿತು. ಬ್ಯಾಟರಿಗೆಂದು ಎತ್ತಿಟ್ಟಿದ್ದ ಹಣವನ್ನು ಜಯಂತಿ ಮರುದಿನವೇ ತಂದುಕೊಟ್ಟರು. ಸೋಲಾರ್ ಬರುವಾಗ ಮತ್ತೊಂದು ಬ್ಯಾಟರಿ ಯಾಕೆ ಎಂದು ಜ್ಯೋತ್ಸ್ನಾಳಿಗೂ ಅನ್ನಿಸಿತು. ಅವಳಿಗೆ ಆ ಪದದ ಅರ್ಥ ಬಂದದ್ದು ಅಪ್ಪ ಅಮ್ಮ ಹೇಳುತ್ತಿದ್ದ ಊರಿನ ಕತೆಗಳಿಂದಲೇ.

ನೆಲಮಹಡಿಯ ಎದುರು ಮನೆಯಲ್ಲಿ ಸಾಬಿನಾ ಇದ್ದಳು. ಬಾಡಿಗೆಯವಳು, ಬ್ಲೌಸ್ ಹೊಲಿಯುವವಳು. ಅವಳ ಗಂಡ ಟೋಟೊ ಓಡಿಸುತ್ತಾನೆ, ಬ್ಯಾಟರಿಯ ಆ ಮೂರುಚಕ್ರದ ಗಾಡಿ. ಬಾಡಿಗೆಯವರಿಗೆ ಸಭೆಗೆ ಕರೆಯಿಲ್ಲ. ಮನೆಯ ಮಾಲೀಕ ಗರಿಯಾಹಾಟ್‌ನಲ್ಲಿರುತ್ತಾನೆ, ಸಹಿ ಹಾಕಲು ಮನಸ್ಸಿರಲಿಲ್ಲ. ಅವನಿಗೆ ಫೋನ್ ಮಾಡಿ ಒಪ್ಪಿಸಿದವರು ಜಯಂತಿ. ಸಾಬಿನಾಳ ಮನೆಗೂ ತಂತಿ ಬರಲಿ ಎಂಬುದು ಅವರ ಆಸೆ. ಮಾಲೀಕ ಒಪ್ಪಿದ, ಒಪ್ಪಿದ ತಿಂಗಳೇ ಬಾಡಿಗೆ ಏರಿಸಿದ. ಸೋಲಾರ್ ಇರುವ ಮನೆ ಎಂದ.

ಸಾಬಿನಾ ಮುಖ ಸಣ್ಣದು ಮಾಡಿಕೊಂಡು ಬಂದಾಗ ಜಯಂತಿ ಅವಳನ್ನು ಕೂರಿಸಿ ಚಾರ್ಮಾಡಿಯ ದೀಪಗಳ ಕತೆ ಹೇಳಿದರು. ಓಣಿಯೆಲ್ಲ ಕತ್ತಲಾದರೂ ನಿನ್ನ ಮಷೀನು ಓಡುತ್ತದೆ, ಹಬ್ಬದ ಹೊಲಿಗೆ ಅರ್ಧಕ್ಕೆ ನಿಲ್ಲುವುದಿಲ್ಲ ಎಂದರು. ಸಾಬಿನಾ ಹೆಚ್ಚಿನ ಬಾಡಿಗೆಗೆ ಒಪ್ಪಿಕೊಂಡಳು.

ಫಲಕಗಳು ಬಂದದ್ದು ಚಳಿಗಾಲ ಮುಗಿಯುವಾಗ. ಅವುಗಳನ್ನು ಕೂರಿಸಲು ಬಂದವನು ಅಮೃತ್ ಎಂಬ ಎಂಜಿನಿಯರ್. ತಾನಾಗಿ ಏನೂ ಹೇಳದ, ಕೇಳಿದ್ದಕ್ಕೆ ಉತ್ತರಿಸುವ ಯುವಕ. ಛಾದಿನ ಮೇಲಿದ್ದ ಬಟ್ಟೆಯ ಹಗ್ಗಗಳನ್ನೆಲ್ಲ ಬಿಚ್ಚಿಸಿದ, ನೆರಳು ಬೀಳಬಾರದು. ಜಯಂತಿ ಲಿಫ್ಟ್ ಹತ್ತಿ ನೋಡಲು ಹೋದರು. ಕರಿ ಫಲಕಗಳು ಇಡೀ ಛಾದನ್ನು ತುಂಬಿದ್ದವು. ಮೆಟ್ಟಿಲಿನ ಗೋಡೆಯ ಮೇಲೆ ಒಂದು ಬಿಳಿ ಪೆಟ್ಟಿಗೆ ಕೂತಿತ್ತು. ಅದೇನೆಂದು ಕೇಳಿದರು.

"ಇನ್ವರ್ಟರ್, ಮಾಶಿಮಾ," ಎಂದ ಅಮೃತ್.

ಜಯಂತಿಗೆ ಸಮಾಧಾನವಾಯಿತು. ಮನೆಮಾತಿನಲ್ಲಿ ಇನ್ವರ್ಟರ್ ಎಂದರೆ ಬ್ಯಾಟರಿ. ಇನ್ವರ್ಟರಿಗೆ ನೀರು ಹಾಕಬೇಕು, ಇನ್ವರ್ಟರ್ ಸತ್ತುಹೋಗಿದೆ ಎಂದೆಲ್ಲ ಹೇಳುವಾಗ ಜನ ಹೇಳುವುದು ಬ್ಯಾಟರಿಯನ್ನೇ. ಈ ಪೆಟ್ಟಿಗೆಯ ಕೆಲಸ, ಫಲಕದಿಂದ ಬಂದ ವಿದ್ಯುತ್ತನ್ನು ಬೀದಿಯ ತಂತಿಗೆ ಹೊಂದುವಂತೆ ಬದಲಿಸಿ ಕಳಿಸುವುದು ಮಾತ್ರ. ಅದರಲ್ಲಿ ಏನನ್ನೂ ತುಂಬಿಡಲು ಆಗುವುದಿಲ್ಲ. ಅಮೃತ್ ಹೇಳಿದ್ದು ನಿಜವೇ, ಜಯಂತಿ ಕೇಳಿದ್ದಕ್ಕೆ ಸರಿಯಾದ ಉತ್ತರವೇ.

ಕೆಳಗೆ ಬಂದು ಫೋನಿನಲ್ಲಿ ತೆಗೆದ ಚಿತ್ರಗಳನ್ನು ಗಂಡನಿಗೆ ತೋರಿಸಿದರು. ಶೀನಪ್ಪನವರು ಆಗಲೇ ಒಂದು ವಾಕ್ಯವನ್ನು ಎರಡು ಉಸಿರಿಗೆ ಹಂಚಿ ಮಾತಾಡುತ್ತಿದ್ದರು. ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದರು.

"ಬ್ಯಾಟರಿ... ಎಲ್ಲಿಟ್ಟಿದ್ದಾರೆ?"

"ಮೆಟ್ಟಿಲಿನ ಹತ್ತಿರ ಉಂಟು ಮಾರಾಯ್ರೆ. ಬಿಳಿ ಪೆಟ್ಟಿಗೆ. ಇಲ್ಲಿಯೂ ಇನ್ಸ್‌ಪೆಕ್ಷನ್ ಶುರು ಮಾಡ್ಬೇಡಿ ನೀವು."

ಶೀನಪ್ಪನವರು ಇನ್ನೊಮ್ಮೆ ನೋಡಿದರು. ಗೋಡೆಗೆ ತೂಗುಹಾಕಿದ ಬ್ಯಾಟರಿಯನ್ನು ಅವರು ಎಂದೂ ಕಂಡಿರಲಿಲ್ಲ. ಈಗಿನ ಕಾಲದ್ದು ಹಗುರ ಇರಬಹುದು ಎಂದುಕೊಂಡಿರಬೇಕು. ಮತ್ತೆ ಕೇಳಲಿಲ್ಲ.

ಮೇ ತಿಂಗಳ ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಜ್ಯೋತ್ಸ್ನಾ ಎರಡು ದಿನ ಮೊದಲೇ ಸಿಲಿಂಡರ್ ತುಂಬಿಸಿ ತಂದಳು. ಕಳೆದ ಸಲದ ಭಯ ಜಯಂತಿಗೆ ಈ ಸಲ ಇರಲಿಲ್ಲ. ಗಾಳಿ ಮಧ್ಯಾಹ್ನ ಎದ್ದಿತು. ಸಂಜೆಯ ಹೊತ್ತಿಗೆ ಮೂಲೆಯ ಕೃಷ್ಣಚೂಡಾ ಮರ, ನಮ್ಮ ಕಡೆ ಗುಲ್‌ಮೊಹರ್ ಎನ್ನುವುದು, ತಂತಿಗಳ ಮೇಲೆ ಮಲಗಿತು. ಕರೆಂಟ್ ಹೋಯಿತು. ಹಳೆಯ ಬ್ಯಾಟರಿ ಕಳೆದ ಸಲಕ್ಕಿಂತ ಬೇಗ ಕೈಬಿಟ್ಟಿತು. ಸಿಲಿಂಡರ್ ತೆರೆದರು. ತನ್ನ ಮನೆಯೂ ಕತ್ತಲಾದದ್ದು ಕಂಡು ಸಾಬಿನಾ ಕೇಳಲು ಬಂದಾಗ, ರಾತ್ರಿ ಬಿಸಿಲಿಲ್ಲವಲ್ಲ, ಮೋಡದ ದಿನ ಬ್ಯಾಟರಿಯೂ ತುಂಬಿರಲಿಕ್ಕಿಲ್ಲ, ಬೆಳಗಾಗಲಿ ಎಂದು ಜಯಂತಿ ಕಳಿಸಿದರು. ಊರಿನಲ್ಲೂ ಹಾಗೆ ಆಗುತ್ತಿತ್ತು.

ಬೆಳಗಾಯಿತು. ಬಿರುಗಾಳಿಯ ಮರುದಿನ ಈ ನಗರದಲ್ಲಿ ಬೀಳುವ ಬಿಸಿಲು ಬೇರೆ ಯಾವ ದಿನವೂ ಬೀಳುವುದಿಲ್ಲ. ಧೂಳಿಲ್ಲ, ಹೊಗೆಯಿಲ್ಲ. ಎದುರು ಕಟ್ಟಡದ ಗಾಜಿನಿಂದ ಪ್ರತಿಫಲಿಸಿದ ಬೆಳಕು ಜಯಂತಿಯವರ ನಡುಮನೆಯವರೆಗೆ ಬಂದಿತ್ತು. ಅವರು ಯಂತ್ರದ ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದರು. ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಜ್ಯೋತ್ಸ್ನಾ ಸಿಲಿಂಡರಿನ ಅಂಗಡಿಗಳಿಗೆಲ್ಲ ಫೋನ್ ಮಾಡುತ್ತಿದ್ದಳು. ಅರ್ಧದಷ್ಟು ನಂಬರುಗಳು ಹೋಗುತ್ತಿರಲಿಲ್ಲ, ಹೋದವರು ರಸ್ತೆ ತೆರೆದ ಮೇಲೆ ಎನ್ನುತ್ತಿದ್ದರು.

ಜಯಂತಿ ಮೆಟ್ಟಿಲು ಹತ್ತಿದರು. ಲಿಫ್ಟ್ ನಿಂತಿತ್ತು. ಛಾದಿನ ಬೀಗದ ಕೈ ಮೇಲಿನವರ ಬಳಿ ಇರುತ್ತದೆ. ರಂಜಿತ್ ಬಾಬು ಲುಂಗಿಯಲ್ಲೇ ಬಂದು ತೆರೆದರು. ಫಲಕಗಳು ತೊಳೆದಿಟ್ಟ ತಟ್ಟೆಗಳ ಹಾಗಿದ್ದವು. ಒಂದಕ್ಕೂ ಏಟು ಬಿದ್ದಿರಲಿಲ್ಲ. ಕೈಯಿಟ್ಟರೆ ಸುಡುತ್ತಿತ್ತು. ಬಿಳಿ ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು.

ಕೆಟ್ಟಿದೆಯೇ ಎಂದು ಜಯಂತಿ ಕೇಳಿದರು. ರಂಜಿತ್ ಬಾಬುವಿಗೂ ಖಚಿತವಿರಲಿಲ್ಲ. ಅವರು ಅಮೃತ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಕೆಟ್ಟಿಲ್ಲ, ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಅವನು ಹೇಳಿದ. ಬೀದಿಯ ತಂತಿ ಸತ್ತರೆ ಇದು ತಾನಾಗಿಯೇ ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲದಿದ್ದರೆ ಇಲ್ಲಿಂದ ಹರಿದ ವಿದ್ಯುತ್ತು ಕೆಳಗೆ ತಂತಿ ಜೋಡಿಸುತ್ತಿರುವವನನ್ನು ಕೊಂದುಬಿಡುತ್ತದೆ. ಬೀದಿಯ ತಂತಿಯಿಂದ ಬೇರ್ಪಡಿಸಿ ಮನೆಗೆ ಮಾತ್ರ ಕೊಡಬೇಕಾದರೆ ಬ್ಯಾಟರಿ ಬೇಕು, ಬೇರೆ ಬಗೆಯ ಪೆಟ್ಟಿಗೆ ಬೇಕು. ಈ ಕಟ್ಟಡದವರು ಅದನ್ನು ಕೇಳಿರಲಿಲ್ಲ.

"ಲೈನ್ ಇಲ್ಲದಿದ್ದರೆ ಇದೂ ಇಲ್ಲ, ಮಾಶಿಮಾ."

"ಬಿಸಿಲಿದೆಯಲ್ಲಪ್ಪ," ಎಂದರು ಜಯಂತಿ. ಅದು ಕನ್ನಡದಲ್ಲಿ ಬಂತು. ಯಾರಿಗೂ ಅರ್ಥವಾಗಲಿಲ್ಲ, ಯಾರೂ ಅರ್ಥ ಕೇಳಲೂ ಇಲ್ಲ.

ರಂಜಿತ್ ಬಾಬುವಿನ ಮನೆಯಲ್ಲಿ ಬ್ಯಾಟರಿಯಿತ್ತು. ಆದರೆ ರಾತ್ರಿಯಿಡೀ ಫ್ಯಾನು, ಫ್ರಿಜ್ಜು ನಡೆದು ಅದೂ ಬರಿದಾಗಿತ್ತು. ಎರಡನೆಯ ಮಹಡಿಯವರದೂ ಹಾಗೆಯೇ. ಗೊತ್ತಿದ್ದರೆ ಉಳಿಸಿಡುತ್ತಿದ್ದೆ ಎಂದು ರಂಜಿತ್ ಬಾಬು ಇಳಿಯುವಾಗ ಎರಡು ಸಲ ಹೇಳಿದರು. ನಿಮಗೆ ಸೋಲಾರ್ ಬೇಕಾಗಿದ್ದು ಇದಕ್ಕಾಗಿ ಎಂದು ನೀವು ಹೇಳಲೇ ಇಲ್ಲವಲ್ಲ ಎಂದರು. ಜಯಂತಿ ಮೆಟ್ಟಿಲಿಳಿಯುತ್ತಲೇ ಇದ್ದರು. ಮತ್ತೆ ಯಾವುದಕ್ಕೆ ಬೇಕಾಗುತ್ತದೆ ಎಂಬುದೇ ಆ ಹೊತ್ತಿನಲ್ಲಿ ಅವರಿಗೆ ತಿಳಿದಿರಲಿಲ್ಲ.

ಕೆಳಗೆ ಶೀನಪ್ಪನವರು ಸಿಲಿಂಡರಿನ ತಿರುಪನ್ನು ತಾವೇ ಕಡಿಮೆ ಮಾಡಿಕೊಂಡಿದ್ದರು. ಜ್ಯೋತ್ಸ್ನಾ ಅದನ್ನು ಮತ್ತೆ ಹೆಚ್ಚಿಸುತ್ತಿದ್ದಳು, ಅವರು ಕೈ ಅಡ್ಡ ಹಿಡಿಯುತ್ತಿದ್ದರು. ತುಟಿಯ ಬಣ್ಣ ತಿರುಗಿತ್ತು. ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಬ್ಯಾಟರಿ ಇಲ್ಲ... ಅಲ್ವಾ?"

ಜಯಂತಿ ತಲೆಯಾಡಿಸಿದರು. ಶೀನಪ್ಪನವರು ಕಣ್ಣುಮುಚ್ಚಿ, ಮುಂದಿನ ಮಾತಿಗೆ ಬೇಕಾದಷ್ಟು ಗಾಳಿ ಸೇರಿಸಿಕೊಂಡರು. "ನಾನು ಸಾಲ ಕೊಟ್ಟ ದೀಪ ಎಲ್ಲ... ಊರಲ್ಲಿ ಉರಿತಾ ಉಂಟು."

"ಪಪ್ಪಾ, ಪ್ಲೀಸ್. ಮಾತಾಡ್ಬೇಡಿ," ಎಂದಳು ಜ್ಯೋತ್ಸ್ನಾ. ಆಂಬುಲೆನ್ಸಿನವರು ಮರ ತೆಗೆಯದೆ ಓಣಿಗೆ ಬರಲಾಗದು ಎಂದಿದ್ದರು.

ಅವರನ್ನು ಕರೆದೊಯ್ದದ್ದು ಸಾಬಿನಾಳ ಗಂಡನ ಟೋಟೊದಲ್ಲಿ. ಅವನು ಗಾಡಿಯನ್ನು ಹಿಂದಿನ ದಿನವೇ ದೊಡ್ಡ ರಸ್ತೆಯ ಅಂಗಡಿಯ ಮುಂದೆ ಬಿಟ್ಟುಬಂದಿದ್ದ. ಅಲ್ಲಿಯವರೆಗೆ ಶೀನಪ್ಪನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಒಂದು ಬದಿಗೆ ರಂಜಿತ್ ಬಾಬು, ಇನ್ನೊಂದು ಬದಿಗೆ ಸಾಬಿನಾಳ ಗಂಡ. ಸಿಲಿಂಡರನ್ನು ಜ್ಯೋತ್ಸ್ನಾ ಮಗುವಿನ ಹಾಗೆ ತಬ್ಬಿಕೊಂಡಿದ್ದಳು. ಬಿದ್ದ ಮರದ ಕಾಂಡದ ಮೇಲಿನಿಂದ ಕುರ್ಚಿಯನ್ನು ದಾಟಿಸುವಾಗ ಕೆಂಪು ಹೂಗಳು ಶೀನಪ್ಪನವರ ಮಡಿಲಿಗೆ ಉದುರಿದವು. ಓಣಿಯ ಜನ ಎರಡೂ ಕಡೆ ನಿಂತಿದ್ದರು. ಆ ಜನಕ್ಕೆಲ್ಲ ಕಟ್ಟಡದ ನೆತ್ತಿಯ ಮೇಲೆ ಫಲಕಗಳು ಹೊಳೆಯುವುದು ಕಾಣುತ್ತಿತ್ತು.

ನರ್ಸಿಂಗ್ ಹೋಮ್‌ಗೆ ತಲುಪುವಾಗ ಮುಳ್ಳು ಕೊನೆಗೆ ತಾಗಿತ್ತು. ಶೀನಪ್ಪನವರು ಬದುಕಿ ಬಂದರು. ಆದರೆ ಮೊದಲು ಸ್ನಾನಕ್ಕೆ, ಊಟಕ್ಕೆ ನಳಿಗೆ ಬಿಚ್ಚಿ ಏಳುತ್ತಿದ್ದವರಿಗೆ ಈಗ ಅದು ಆಗುವುದಿಲ್ಲ. ಯಂತ್ರವನ್ನು ಒಂದು ಗಳಿಗೆಯೂ ಬಿಟ್ಟಿರಲಾರರು. ಇನ್ನೊಂದು ಬಿರುಗಾಳಿಯನ್ನು ಈ ಮನುಷ್ಯ ತಡೆಯಲಾರ ಎಂದು ವೈದ್ಯರು ಜ್ಯೋತ್ಸ್ನಾಳನ್ನು ಹೊರಗೆ ಕರೆದು ಹೇಳಿದರು. ಅವಳು ಅಮ್ಮನಿಗೆ ಹೇಳಲಿಲ್ಲ. ಅಮ್ಮ ಕೇಳಲೂ ಇಲ್ಲ.

ಮುಂದಿನ ಸಭೆಗೆ ಜಯಂತಿ ಹೋದರು. ನಮ್ಮ ಪಾಲಿನ ಫಲಕಗಳನ್ನಾದರೂ ಬಿಚ್ಚಿ ಬೇರೆ ಮಾಡಿಕೊಡಿ, ಕೆಳಗೆ ಬ್ಯಾಟರಿ ಇಟ್ಟುಕೊಳ್ಳುತ್ತೇವೆ, ಹೇಗಾದರೂ ಹಣ ಹೊಂದಿಸುತ್ತೇವೆ ಎಂದು ಕೇಳಿದರು. ಬಿಚ್ಚಿದರೆ ಸಬ್ಸಿಡಿಯ ನಿಯಮಕ್ಕೆ ತೊಂದರೆ, ಗ್ಯಾರಂಟಿಗೂ ತೊಂದರೆ. ಎಲ್ಲರಿಗೂ ಬ್ಯಾಟರಿ ಸೇರಿಸೋಣವೆಂದರೆ ಮೇಲಿನವರಿಗೆ ಬೇಡ. ಅವರವರ ಮನೆಯಲ್ಲಿ ಅವರವರ ಬ್ಯಾಟರಿ ಇದೆ. ಬೇರೆ ಫಲಕ ಹಾಕಿಕೊಳ್ಳುತ್ತೇವೆ ಎಂದರೆ ಛಾದಿನಲ್ಲಿ ಜಾಗವಿಲ್ಲ. ರಂಜಿತ್ ಬಾಬು ಪ್ರತಿಯೊಂದನ್ನೂ ಬೇಸರದಿಂದಲೇ ಹೇಳಿದರು. ನಿಮ್ಮ ಕಿಟಕಿಯ ಜಾಲರಿಗೆ ಒಂದು ಸಣ್ಣ ಫಲಕ ಕಟ್ಟಬಹುದಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ಜಯಂತಿಯವರ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರು ಆ ಮನೆಯೊಳಗೆ ಎಂದೂ ಬಂದಿರಲಿಲ್ಲ.

ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ತಿಂಗಳ ಬಿಲ್ಲು ನಿಜಕ್ಕೂ ಇಳಿದಿತ್ತು, ಮೇಲೆ ಹೆಚ್ಚು, ಕೆಳಗೆ ಸ್ವಲ್ಪ. ಸಾಬಿನಾಳ ಮನೆಯ ಇಳಿಕೆ ಮನೆಯ ಮಾಲೀಕನ ಲೆಕ್ಕಕ್ಕೆ ಸೇರಿತು. ಅವಳಿಗೆ ಉಳಿದದ್ದು ಏರಿದ ಬಾಡಿಗೆ. ಚಳಿಗಾಲದವರೆಗೆ ಕೊಟ್ಟಳು, ಆಮೇಲೆ ಆಗಲಿಲ್ಲ. ಸಾಮಾನನ್ನು ಟೋಟೊಗೆ ಹೇರುವ ದಿನ ಜಯಂತಿಯವರಿಗೆ ಹೊಲಿದಿಟ್ಟಿದ್ದ ಬ್ಲೌಸ್ ಕೊಡಲು ಬಂದಳು. ಕೂಲಿ ತೆಗೆದುಕೊಳ್ಳಲಿಲ್ಲ.

"ಮಾಶಿಮಾ, ಮುಂದಿನ ಸಲ ನಿಮ್ಮ ದೇಶದ ಸೋಲಾರನ್ನೇ ತರಿಸಿ," ಎಂದಳು. ಬಂಗಾಳಿಯಲ್ಲಿ ದೇಶವೆಂದರೆ ಹುಟ್ಟೂರು. ನಗುತ್ತಲೇ ಹೇಳಿದಳು. ಜಯಂತಿ ಆ ಬ್ಲೌಸನ್ನು ಇನ್ನೂ ಹಾಕಿಕೊಂಡಿಲ್ಲ.

ಸಾಬಿನಾ ಹೋದ ಮೇಲೆ ಗೇಟಿಗೆ ಒಂದು ತಗಡಿನ ಬೋರ್ಡ್ ಬಂತು. ಮನೆ ಬಾಡಿಗೆಗಿದೆ, ಕೆಳಗೆ ಫೋನ್ ನಂಬರು, ಅದರ ಕೆಳಗೆ ಬಣ್ಣದಲ್ಲಿ ದಪ್ಪಗೆ, ಇಂಗ್ಲಿಷಿನಲ್ಲಿ: ಸೋಲಾರ್ ಸೌಲಭ್ಯವಿದೆ.

ಈ ಏಪ್ರಿಲ್‌ನ ಒಂದು ಮಧ್ಯಾಹ್ನ ಆ ಬೋರ್ಡ್ ನೋಡಿ ಅಪೂರ್ವಾ ಎಂಬ ಹುಡುಗಿ ಬಂದಳು. ಮೈಸೂರಿನವಳು, ಬಾರಾನಗರದ ಸಂಶೋಧನಾ ಸಂಸ್ಥೆಗೆ ಹೊಸದಾಗಿ ಸೇರಿದವಳು. ಇಲ್ಲೊಬ್ಬರು ಕನ್ನಡದವರಿದ್ದಾರೆ, ವಿಚಾರಿಸು ಎಂದು ಯಾರೋ ಹೇಳಿ ಕಳಿಸಿದ್ದರು. ಜಯಂತಿ ಒಳಗೆ ಕರೆದು ಪಾನಕ ಕೊಟ್ಟರು. ಮನೆಯಲ್ಲಿ ಹೊಸ ದನಿ ಕೇಳಿ ಬಹಳ ದಿನವಾಗಿತ್ತು. ಹುಡುಗಿ ನೀರು ಹೇಗೆ, ಸೊಳ್ಳೆ ಹೇಗೆ ಎಂದೆಲ್ಲ ಕೇಳಿದಳು. ಕೊನೆಗೆ, ಹೊರಡುವ ಮೊದಲು:

"ಸೋಲಾರ್ ಇದೆ ಅಂತ ಬೋರ್ಡಲ್ಲಿ ನೋಡ್ದೆ ಆಂಟಿ. ಬಿಸಿನೀರು ಬೆಳಿಗ್ಗೆ ಮಾತ್ರಾನಾ, ಇಲ್ಲಾ ದಿನವಿಡೀ ಬರುತ್ತಾ?"

ಮೈಸೂರು, ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಸೋಲಾರ್ ಎಂದರೆ ಬಚ್ಚಲಿನ ಬಿಸಿನೀರು. ಆ ಹುಡುಗಿಗೆ ಬೇರೆ ಅರ್ಥ ಗೊತ್ತಿರಲಿಲ್ಲ.

ಒಳಗಿನ ಕೋಣೆಯಿಂದ ಶೀನಪ್ಪನವರ ದನಿ ಬಂತು. "ಜಯಂತಿ... ಕೇಳಿದ್ಯಾ... ಬಿಸಿನೀರಂತೆ." ಅವರು ನಗುತ್ತಿದ್ದರು. ಆ ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲಿಲ್ಲ. ಜಯಂತಿ ಓಡಿಹೋಗಿ ಯಂತ್ರದ ತಿರುಪು ಹೆಚ್ಚಿಸಿ, ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನು ನೀವುತ್ತ ಕೂತರು. ಹುಡುಗಿ ಲೋಟ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದಳು. ತುಟಿಗೆ ಬಣ್ಣ ಮರಳಿದ ಮೇಲೆ ಜಯಂತಿ ಎದ್ದುಬಂದರು.

"ಬಿಸಿನೀರು ಇಲ್ಲ ಮಗಾ. ಕರೆಂಟ್ ಹೋದ್ರೆ ದೀಪವೂ ಇಲ್ಲ. ಬಿಲ್ಲು ಕಮ್ಮಿ ಬರ್ತದೆ. ಅದು ಬಾ‍ಡಿಗೆಯವರಿಗೆ ಸಿಗ್ಲಿಕ್ಕಿಲ್ಲ. ಬಾಡಿಗೆ ಮಾತ್ರ ಜಾಸ್ತಿ."

"ಮತ್ತೆ ಹಾಗ್ಯಾಕೆ ಬರ್ದಿದಾರೆ?"

"ಉಂಟಲ್ಲ. ಸುಳ್ಳಲ್ಲ ಅದು."

ಹುಡುಗಿ ಯೋಚಿಸಿ ಹೇಳುತ್ತೇನೆ ಎಂದು ಹೊರಟಳು. ಹೋಗುವಾಗ ಅಂಕಲ್‌ಗೆ ಹುಷಾರು ಎಂದಳು. ಅವಳು ಬರುವುದಿಲ್ಲ ಎಂದು ಜಯಂತಿಗೆ ತಿಳಿಯಿತು. ಎದುರು ಮನೆಯಲ್ಲಿ ಕೂಗಿದರೆ ಓಡಿಬರುವವರು ಯಾರಾದರೂ ಇದ್ದರೆ ಒಳ್ಳೆಯದಿತ್ತು. ಅದಕ್ಕಾಗಿ ಹುಡುಗಿಯ ಪ್ರಶ್ನೆಗೆ ಒಂದು ಹೌದು ಎಂದಿದ್ದರೆ ಸಾಕಾಗಿತ್ತು.

ವಾಯುವ್ಯದಲ್ಲಿ ಆಕಾಶ ಕಪ್ಪಾಗುತ್ತಿತ್ತು. ವೈಶಾಖದ ಸಂಜೆಗಳಲ್ಲಿ ದಿಢೀರನೆ ಎರಗುವ ಗಾಳಿಮಳೆಯ ಕಾಲ. ಜ್ಯೋತ್ಸ್ನಾ ಕಚೇರಿಯಿಂದ ಇನ್ನೂ ಬಂದಿರಲಿಲ್ಲ. ಜಯಂತಿ ಸಿಲಿಂಡರಿನ ಮುಳ್ಳು ನೋಡಿದರು. ಕಿಟಕಿ ಮುಚ್ಚದೆ ಹಾಗೇ ಬಿಟ್ಟರು. ಅಡುಗೆಮನೆಯಿಂದ ಒದ್ದೆ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ತೆಗೆದುಕೊಂಡು ಗೇಟಿಗೆ ಹೋದರು. ಯಂತ್ರದ ಶಬ್ದ ಗೇಟಿನವರೆಗೆ ಕೇಳಿಸುತ್ತದೆ, ಅಲ್ಲಿಂದ ಆಚೆ ಇಲ್ಲ.

ಬೋರ್ಡಿನ ಆ ಒಂದು ಪದವನ್ನು ಅವರು ಉಜ್ಜತೊಡಗಿದರು. ಬಣ್ಣ ಒಳ್ಳೆಯದಿತ್ತು, ಸ್ವಲ್ಪ ಮಸುಕಾಯಿತು, ಹೋಗಲಿಲ್ಲ. ಮೊದಲ ಗಾಳಿ ಓಣಿಯ ಧೂಳೆಬ್ಬಿಸಿಕೊಂಡು ಬಂತು. ತಗಡು ಗೇಟಿಗೆ ಬಡಿಯಿತು. ಜಯಂತಿ ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಉಸಿರು ಬಿಗಿಹಿಡಿದು ಕಿವಿಗೊಟ್ಟರು.

ಶಬ್ದ ಇತ್ತು. ಮತ್ತೆ ಉಜ್ಜಿದರು.